ಹಳದಿ ಸ್ವೆಟರು ಬಿಚ್ಚಿದ ಭಾನುವಾರ

ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಆರು ಗಂಟೆ. ಮನೆಯಲ್ಲಿದ್ದವರು ಮೂವರು: ನಾನು, ನನ್ನ ಅತ್ತಿಗೆ, ಅತ್ತಿಗೆಯ ಮಗಳು. ಮಗಳಿಗೆ ವಾರದಲ್ಲಿ ಅದೊಂದೇ ರಜೆ. ಉಳಿದ ದಿನ ಬಂಗಾರಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಬೇತಮಂಗಲದ ಕೆರೆಯ ನೀರು ಹಿಂದಿನ ದಿನವೇ ನಲ್ಲಿಯಲ್ಲಿ ಬಂದು ಡ್ರಮ್ಮು ತುಂಬಿತ್ತು. ಬೋರ್‌ವೆಲ್ ನೀರಿನಲ್ಲಿ ಉಣ್ಣೆ ನೂಲಿಗೆ ಬಣ್ಣ ಹಾಕಿದರೆ ಮಂಕಾಗುತ್ತದೆ. ಹಾಗಾಗಿ ನಮ್ಮಲ್ಲಿ ಬಣ್ಣದ ಕೆಲಸ ನಲ್ಲಿ ನೀರು ಬಂದ ಮಾರನೆಯ ದಿನವೇ ಆಗಬೇಕು.

ಗಣಿ ಕೆಲಸಗಾರರಿಗೆಂದು ಕಟ್ಟಿದ ಈ ಲೈನ್ ಮನೆ ಇರುವುದು ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿ. ನಾನು ಹುಟ್ಟಿದ್ದು ಇಲ್ಲಿಯೇ. ನರ್ಸ್ ಕೆಲಸದಲ್ಲಿ ಊರೂರು ತಿರುಗಿ, ನಿವೃತ್ತಿಯಾದ ಮೇಲೆ ಮತ್ತೆ ಇಲ್ಲಿಗೇ ಬಂದೆ. ಮದುವೆಯಾದವಳಲ್ಲ. ವಾರ್ಡಿನಲ್ಲಿ ಕಲಿತ ಶಿಸ್ತು ಮನೆಯಲ್ಲೂ ನಡೆಯುತ್ತದೆ: ಎದ್ದ ಕೂಡಲೇ ಹಾಸಿಗೆ ಮಡಿಸುವುದು, ತಿಂಡಿಗೆ ಮೊದಲು ಅತ್ತಿಗೆಯ ಮಾತ್ರೆ, ತಿಂಡಿಯ ನಂತರ ಹೆಣಿಗೆ. ಅತ್ತಿಗೆ ಚೆನ್ನಾಗಿದ್ದ ಕಾಲದಲ್ಲಿ ಇದನ್ನು ಆಡಿಕೊಳ್ಳುತ್ತಿದ್ದಳು. "ಸಿಸ್ಟ್ರಮ್ಮ ಬಂದ್ಲು, ಗಂಟೆ ಒಡೆಯೋದೊಂದು ಬಾಕಿ. ನಾವೆಲ್ಲ ಬೆಡ್ ನಂಬ್ರು ಏಳ್ಕೊಂಡು ಮನಿಕ್ಕೋಬೇಕು."

ಹೆಣಿಗೆ, ಬಣ್ಣ ಎರಡನ್ನೂ ನಾನು ಕಲಿತದ್ದು ಅವಳಿಂದ. ಹೊಸ ನೂಲು ಕೊಳ್ಳುವುದು ನಮ್ಮಲ್ಲಿ ಕಡಿಮೆ. ಸಂತೆಯಲ್ಲಿ ಹಳೆಯ ಸ್ವೆಟರು ತಂದು, ಹೊಲಿಗೆ ಕತ್ತರಿಸಿ, ನೂಲು ಎಳೆದು, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡುತ್ತೇವೆ. ಲಡಿ ತೊಳೆದು, ಪಟಿಕದ ನೀರಿನಲ್ಲಿ ನೆನೆಸಿ, ದಾಳಿಂಬೆ ಸಿಪ್ಪೆಯಲ್ಲೋ ಈರುಳ್ಳಿ ಸಿಪ್ಪೆಯಲ್ಲೋ ಕುದಿಸುತ್ತೇವೆ. ಆ ನೂಲಿನಲ್ಲಿ ಕೂಸುಗಳ ಟೋಪಿ, ಕಾಲುಚೀಲ ಹೆಣೆದು ಬಂಗಾರಪೇಟೆಯ ಅಂಗಡಿಗೆ ಕೊಡುತ್ತೇವೆ.

ಈ ಕೆಲಸದ ಜೊತೆಗೆ ಮನೆಯಲ್ಲಿ ಒಂದು ಪದ್ಧತಿಯೂ ಇದೆ. ಸತ್ತವರು ತೊಟ್ಟ ಸ್ವೆಟರನ್ನು ಸುಡುವುದಿಲ್ಲ, ಬೇರೆಯವರಿಗೆ ಕೊಡುವುದೂ ಇಲ್ಲ. ಹನ್ನೊಂದನೆಯ ದಿನ ಮಿಂದ ಮೇಲೆ, ಅದನ್ನು ಹೆಣೆದವರೇ ಕೂತು ಬಿಚ್ಚಬೇಕು. ನೂಲನ್ನು ಬೇರೆ ಬಣ್ಣಕ್ಕೆ ಅದ್ದಬೇಕು. ಆಮೇಲೆ ಮನೆಯ ಚಿಕ್ಕವರಿಗೆ ಅದರಲ್ಲೇ ಏನಾದರೂ ಹೆಣೆಯಬೇಕು. ನೂಲು ಉಳಿಯಲಿ, ಬಣ್ಣ ಹೋಗಲಿ ಎನ್ನುತ್ತಿದ್ದಳು ನನ್ನ ತಾಯಿ. ಅಣ್ಣ ಗಣಿಯ ಧೂಳು ಕುಡಿದು ಕುಡಿದು, ಉಸಿರು ಎಳೆಯಲಾರದೆ ಹೋದಾಗ ಮಕ್ಕಳಿಬ್ಬರೂ ಇನ್ನೂ ಶಾಲೆಯಲ್ಲಿದ್ದರು. ಅವನ ಕಂದು ಸ್ವೆಟರನ್ನು ಅತ್ತಿಗೆ ಅಳದೆ ಬಿಚ್ಚಿದಳು. ಲಡಿಗೆ ನಾನು ಕೈ ಹಿಡಿದಿದ್ದೆ. ಅದು ಮಗನ ಕುತ್ತಿಗೆಗೆ ಹಸಿರು ಮಫ್ಲರ್ ಆಯಿತು.

ಆ ಮಗ ದೊಡ್ಡವನಾಗಿ ಲೇತ್ ಕೆಲಸಕ್ಕೆ ಸೇರಿದ. ದಿನಾ ಕತ್ತಲಿರುವಾಗಲೇ ರೈಲಿಗೆ ಹೋಗಿ, ಕತ್ತಲಾದ ಮೇಲೆ ರೈಲಿಗೆ ಬರುವವನು. ಅವನಿಗೆಂದು ಅತ್ತಿಗೆ ದಾಳಿಂಬೆ ಸಿಪ್ಪೆಯ ಹಳದಿಯಲ್ಲಿ ಸ್ವೆಟರು ಹೆಣೆದಳು, ಸ್ಟೇಷನ್ನಿನ ಗುಂಪಿನಲ್ಲಿ ದೂರದಿಂದಲೇ ಕಾಣಲಿ ಎಂದು. ಒಂದು ಸಂಜೆ ಬಂಗಾರಪೇಟೆಯಲ್ಲಿ ರೈಲು ಬದಲಿಸಲು ಇಳಿದವನು ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತ. ಅಲ್ಲಿಂದ ಏಳಲಿಲ್ಲ. ಅಂದು ಸ್ವೆಟರು ಒಗೆಯಲು ಹಾಕಿದ್ದರಿಂದ ಮನೆಯಲ್ಲೇ ಉಳಿದಿತ್ತು.

ಹನ್ನೊಂದನೆಯ ದಿನ ನಾನು ಕತ್ತರಿ ತಂದಿಟ್ಟೆ. ಅತ್ತಿಗೆ ಮುಟ್ಟಲಿಲ್ಲ.

"ಅದು ಅಂಗೇ ಇರ್ಲಿ," ಎಂದಳು.

ಮುಂದಿನ ವರ್ಷದ ಹೊತ್ತಿಗೆ ಅವಳಿಗೆ ಮರೆವು ಶುರುವಾಯಿತು. ಒಲೆಯ ಮೇಲಿಟ್ಟ ಪಾತ್ರೆ, ಬೀದಿಯ ದಾರಿ, ಅಕ್ಕಪಕ್ಕದವರ ಮುಖ, ಎಲ್ಲವೂ ಒಂದೊಂದಾಗಿ ಹೋದವು. ಮಗ ಸತ್ತದ್ದೂ ಹೋಯಿತು. ಸಂಜೆಯ ರೈಲು ಕೂಗಿದರೆ ಹಳದಿ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂರುವಳು. "ಯಾಕೆ ಇನ್ನೂ ಬರ್ಲಿಲ್ಲ?" ಎಂದರೆ ಮಗಳು "ಟ್ರೈನು ಲೇಟಮ್ಮ" ಎನ್ನುವಳು. ಸ್ವೆಟರು ಕೈಯಲ್ಲಿದ್ದರೆ ಅಷ್ಟೇ ಸಾಕಾಗುತ್ತಿತ್ತು. ಅದನ್ನು ತಬ್ಬಿಕೊಂಡೇ ಮಲಗುವಳು. ಆದರೆ ಮಗಳಿಗೆ ಆ ಮಾತು ಹೇಳಿ ಹೇಳಿ ಸಾಕುಸಾಕಾಗಿತ್ತು. ದಿನವಿಡೀ ಅಂಗಡಿಯಲ್ಲಿ ನಿಂತು ಬಂದು, ಸತ್ತ ಅಣ್ಣನನ್ನು ರೈಲಿನಲ್ಲಿ ಕೂರಿಸಬೇಕು. "ಅತ್ತೆ, ನಾನು ಅವ್ನಿಗೆ ಒಂದಿನಾನೂ ಸರ್‍ಯಾಗಿ ಅತ್ತಿಲ್ಲ. ಅಳೋ ಒತ್ಗೆ ಸುಳ್ಳು ಏಳ್ತಿರ್ತೀನಿ," ಎಂದು ಒಮ್ಮೆ ಹೇಳಿದ್ದಳು.

ಎಲ್ಲ ಮರೆತರೂ ಅತ್ತಿಗೆಯ ಬೆರಳುಗಳಿಗೆ ಬಿಚ್ಚುವ ಕೆಲಸ ಮರೆತುಹೋಗಲಿಲ್ಲ. ಹಳೆಯ ಸ್ವೆಟರೊಂದನ್ನು ಕೊಟ್ಟು ಕೂರಿಸಿದರೆ ಊಟದ ತನಕ ಕದಲುತ್ತಿರಲಿಲ್ಲ. ಆ ಭಾನುವಾರವೂ ತಿಂಡಿಯಾದ ಮೇಲೆ ನಡುಮನೆಯಲ್ಲಿ ಅವಳ ಮುಂದೆ ಸಂತೆಯ ಸ್ವೆಟರುಗಳ ಬುಟ್ಟಿ ಇಟ್ಟು, ನಾವಿಬ್ಬರೂ ಹಿತ್ತಲಿಗೆ ಹೋದೆವು.

ಅಂದು ಮಾಡಬೇಕಾದದ್ದು ಕಪ್ಪು ಬಣ್ಣ. ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಹಾಕಿ ಮಡಕೆಯಲ್ಲಿ ಮುಚ್ಚಿಟ್ಟದ್ದು ಹುಳಿತು ಸಿದ್ಧವಾಗಿತ್ತು. ಮೂಗಿಗೆ ಹೊಡೆಯುವ ವಾಸನೆ. ದಾಳಿಂಬೆ ಸಿಪ್ಪೆಯ ಹಳದಿ ಹಿಡಿದ ನೂಲನ್ನು ಈ ಕಬ್ಬಿಣದ ನೀರಿಗೆ ಹಾಕಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಗಾಳಿ ಎದ್ದರೆ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಪುಡಿ ಹಸಿ ನೂಲಿಗೆ ಕೂರುತ್ತದೆಂದು ಬೇಗ ಮುಗಿಸುವ ಆತುರದಲ್ಲಿದ್ದೆವು. ನೀರು ಬಿಸಿಯಾಗಿ ಆವಿ ಏಳುವಾಗ ಮಗಳು ಕತ್ತರಿ ತರಲು ಒಳಗೆ ಹೋದಳು. ಹೋದವಳು ತಿರುಗಿ ಬರಲಿಲ್ಲ. ಕೂಗಿದೆ. ಒಳಗೆ ಹೋಗಿ ನೋಡಿದೆ.

ಸಂತೆಯ ಸ್ವೆಟರುಗಳು ಬುಟ್ಟಿಯಲ್ಲಿ ಹಾಗೆಯೇ ಇದ್ದವು. ಹಾಸಿಗೆಯ ಮೇಲೆ ಹಳದಿ ಸ್ವೆಟರು ಇರಲಿಲ್ಲ. ಕುರ್ಚಿಯ ಬೆನ್ನಿಗೆ ಹಳದಿ ಲಡಿ ಸುತ್ತಿತ್ತು. ನೆಲದ ಮೇಲೆ ಇನ್ನೆರಡು ಲಡಿ, ಬಿಗಿಯಾಗಿ ಕಟ್ಟಿಟ್ಟವು. ಅತ್ತಿಗೆಯ ತೊಡೆಯ ಮೇಲೆ ಒಂದು ತೋಳಿನ ಅರ್ಧ ಮಾತ್ರ ಉಳಿದಿತ್ತು. ಅವಳು ಎಳೆಯುತ್ತಿದ್ದಳು, ಸಾಲು ಸಾಲಾಗಿ ಅದೂ ಕರಗುತ್ತಿತ್ತು. ಮಗಳು ಗೋಡೆಗೆ ಒರಗಿ ನಿಂತಿದ್ದಳು.

"ಅಮ್ಮಾ, ಯಾರ್‍ದು ಅದು ಗೊತ್ತಾ ನಿಂಗೆ?"

"ಯಾಕೆ ಗೊತ್ತಿಲ್ಲ? ನಾನೇ ಎಣೆದಿದ್ದಲ್ವಾ," ಎಂದಳು ಅತ್ತಿಗೆ, ತಲೆ ಎತ್ತದೆ. "ನನ್ ಮಗಂದು."

"ಮತ್ತೆ ಬಿಚ್ಚಿದ್ಯಲ್ಲಮ್ಮ!"

"ಬಿಚ್ದೆ ಏನ್ ಮಾಡ್ಲಿ? ಅವ್ನು ಓಗ್ಬಿಟ್ನಲ್ಲಲೇ. ಎಷ್ಟ್ ದಿನ ಅಂತ ಆ ಬಣ್ಣ ಮನೇಲಿಟ್ಕೋತೀರಾ? ಸಿಸ್ಟ್ರಮ್ಮ, ನೀನಾದ್ರೂ ಏಳ್ಬಾರ್ದಾ?"

ಆ ದನಿ ಹಳೆಯ ಅತ್ತಿಗೆಯದು. ವರ್ಷಗಳಿಂದ ಕೇಳಿರಲಿಲ್ಲ. ಮಗಳು ಅಲ್ಲೇ ಕುಸಿದು ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಅತ್ತಿಗೆ ಒಂದು ಕೈಯಲ್ಲಿ ಅವಳ ತಲೆ ಸವರಿ, ಇನ್ನೊಂದು ಕೈಯಲ್ಲಿ ನೂಲು ಜಾರದಂತೆ ಹಿಡಿದುಕೊಂಡಿದ್ದಳು.

"ನೂಲ್ ಮೇಲೆ ಕಣ್ಣೀರ್ ಆಕ್ಬೇಡ, ಗಂಟಾಗ್ತದೆ," ಎಂದಳು.

ನಾನು ಮಗಳನ್ನು ಅಡುಗೆಮನೆಗೆ ಕರೆದೆ. ವಾರ್ಡಿನಲ್ಲಿ ಇಂಥ ತಿಳಿವು ನೋಡಿದ್ದೇನೆ, ಬಂದದ್ದು ನಿಲ್ಲುವುದಿಲ್ಲ. ಲಡಿಗಳನ್ನು ಎತ್ತಿಡೋಣ, ಬೇಕಾದರೆ ಅದೇ ಹಳದಿಯಲ್ಲಿ ಮತ್ತೆ ಹೆಣೆದು ಕೊಡಬಹುದು ಎಂದೆ.

"ಬೇಡ ಅತ್ತೆ," ಎಂದಳು. "ಅವ್ಳೇ ಬಾಯ್ಬಿಟ್ಟು ಏಳಿದ್ಳು. ಇವತ್ತು ಬಣ್ಣ ಆಕೋಣ. ಇವತ್ತೇ ಆಗೋಗ್ಲಿ."

"ಸಂಜೆ ಕೇಳಿದರೆ?"

"ಕೇಳಿದ್ರೆ ನಿಜಾನೇ ಏಳ್ತೀನಿ. ಅವ್ಳಿಗೆ ಗೊತ್ತಿರೋದನ್ನೇ ಏಳೋಕೆ ನಂಗೇನು?"

ಅಷ್ಟರಲ್ಲಿ ಅತ್ತಿಗೆ ಮೂರು ಲಡಿಗಳನ್ನೂ ತೋಳಿಗೆ ಹಾಕಿಕೊಂಡು ತಾನೇ ಹಿತ್ತಲಿಗೆ ಹೊರಟಿದ್ದಳು. ಆವಿ ಏಳುವ ಪಾತ್ರೆ ನೋಡಿ, "ಇನ್ನೂ ಕಬ್ಬಿಣದ ನೀರೇ ಉಯ್ದಿಲ್ವಾ? ಬೆಳಗಿಂದ ಏನ್ ಕಡ್ದಾಕಿದ್ರಿ ಇಬ್ರೂ?" ಎಂದು ಗದರಿದಳು. ನಾನು ಮಡಕೆಯ ನೀರು ಸೋಸಿ ಹುಯ್ದೆ. ಅವಳು ಲಡಿಗಳನ್ನು ತೊಟ್ಟಿಯ ನೀರಿನಲ್ಲಿ ನೆನೆಸಿ, ಹಿಂಡಿ, ಕೋಲಿಗೆ ಹಾಕಿ ಒಂದೊಂದಾಗಿ ಇಳಿಬಿಟ್ಟಳು. ಹಳದಿ ಮೊದಲು ಹಸಿರು ಮಿಶ್ರಿತ ಬೂದಿಯಾಯಿತು, ಆಮೇಲೆ ಕಪ್ಪು. ಕೋಲಿನಿಂದ ತಿರುವುವ ಬದಲು, ನಾನು ಬೇಡವೆನ್ನುವಷ್ಟರಲ್ಲಿ, ಆರಿ ಬೆಚ್ಚಗಾಗಿದ್ದ ನೀರಿಗೆ ಕೈಯನ್ನೇ ಅದ್ದಿ ಒಳಗಿನ ಎಳೆ ಬಿಡಿಸಿದಳು. ಎಲ್ಲೂ ಹಳದಿ ಉಳಿಯಲಿಲ್ಲ.

ಮಧ್ಯಾಹ್ನ ಮೂವರೂ ಕೂತು ಮುದ್ದೆ, ಅವರೆಕಾಳಿನ ಸಾರು ಉಂಡೆವು. ಅತ್ತಿಗೆ ತಾನೇ ಮುದ್ದೆ ಮುರಿದುಕೊಂಡು ಉಂಡಳು. ಸಾರಿಗೆ ಉಪ್ಪು ಸಾಲದೆಂದು ನನ್ನನ್ನು ಛೇಡಿಸಿದಳು: "ಆಸ್ಪತ್ರೆ ಊಟ. ಇದುನ್ ತಿಂದೇ ನಿನ್ ಪೇಷಂಟ್ ಎಲ್ಲ ಓಡೋಗ್ತಿದ್ದಿದ್ದು." ಮಗಳು ಗಟ್ಟಿಯಾಗಿ ನಕ್ಕಳು. ಮಗನ ಮಾತನ್ನು ಯಾರೂ ಎತ್ತಲಿಲ್ಲ. ಊಟವಾದ ಮೇಲೆ ಅತ್ತಿಗೆ ಮಲಗಿದಳು. ನಾವು ಲಡಿ ಜಾಲಿಸಿ, ತಂತಿಗೆ ಹಾಕಿ, ನೂಲಿನ ಸುಕ್ಕು ಹೋಗಲೆಂದು ಕೆಳಗೆ ಕಲ್ಲು ಕಟ್ಟಿದೆವು. ಮಗಳು ತನ್ನ ಅಣ್ಣನ ಬಗ್ಗೆ ಮಾತಾಡಿದಳು: ಅವನು ಮೀನು ಹೇಗೆ ತಿನ್ನುತ್ತಿದ್ದ, ಸೈಕಲ್ ಕಲಿಸುವಾಗ ಹೇಗೆ ಬೈಯುತ್ತಿದ್ದ. ಅಷ್ಟು ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

ಹೊತ್ತು ಮುಳುಗುವಾಗ ರೈಲು ಕೂಗಿತು.

ಅತ್ತಿಗೆ ಎದ್ದು ಬಂದಳು. ಸೆರಗು ನೆಲ ಗುಡಿಸುತ್ತಿತ್ತು, ಕಣ್ಣು ಎಲ್ಲಿಯೋ ಇತ್ತು. ಹಾಸಿಗೆ ಎತ್ತಿ ನೋಡಿದಳು. ಬುಟ್ಟಿ ಸುರಿದಳು. ಬಾಗಿಲ ಹಿಂದೆ ನೋಡಿದಳು.

"ಸ್ವೆಟ್ರೆಲ್ಲಿ? ಟ್ರೈನ್ ಬಂತು. ಚಳಿ ಬಿದ್ದೈತೆ, ಅಂಗೇ ಬತ್ತಾನೆ ಅವ್ನು."

ಮಗಳು ನನ್ನ ಮುಖ ನೋಡಿದಳು. ನಾನು ತಲೆಯಲ್ಲಾಡಿಸಿದೆ, ಹೇಳಬೇಡ ಎಂದು. ಅವಳು ತಾಯಿಯ ಎರಡೂ ಕೈ ಹಿಡಿದು ಕೂರಿಸಿದಳು.

"ಅಮ್ಮಾ, ಅಣ್ಣ ಬರಲ್ಲಮ್ಮ. ಅಣ್ಣ ಓಗ್ಬಿಟ್ಟ. ಬೆಳಿಗ್ಗೆ ನೀನೇ ಏಳ್ದೆ. ನೀನೇ ಬಿಚ್ಚಿದ್ದಲ್ವಾ?"

"ಎಲ್ಲಿಗ್ ಓದ?"

"ಸತ್ತೋದನಮ್ಮ."

ಅತ್ತಿಗೆ ಮಗಳ ಬಾಯನ್ನೇ ನೋಡುತ್ತ ಕೂತಳು. ಆಮೇಲೆ ಅವಳಿಂದ ಎದ್ದ ಕೂಗಿಗೆ ಪಕ್ಕದ ಲೈನಿನ ನಾಯಿಗಳು ಬೊಗಳಿದವು. ಮಗ ಸತ್ತ ಸಂಜೆ ಇದೇ ನಡುಮನೆಯಲ್ಲಿ ಕೂಗಿದ್ದೂ ಹೀಗೆಯೇ. ಎದೆ ಬಡಿದುಕೊಂಡಳು. ಮಗಳಿಗೂ ಬಡಿದಳು. "ನಂಗ್ ಯಾಕೇ ಏಳ್ಲಿಲ್ಲ? ಬೆಳಗಿಂದ ಇಲ್ಲೇ ಇದ್ದೀಯಲ್ಲೇ, ಯಾಕೇ ಏಳ್ಲಿಲ್ಲ?" ಎಲ್ಲಿ, ಹೇಗೆ ಎಂದು ಕೇಳಿದಳು. ಮಗಳು ಹೇಳಿದಳು: ಬಂಗಾರಪೇಟೆ, ಎದೆನೋವು, ಬೆಂಚು.

"ಯಾರಾದ್ರೂ ನೀರ್ ಕೊಟ್ರಾ ನನ್ ಮಗಂಗೆ?"

ಅದು ನಮಗೆ ಯಾವತ್ತೂ ತಿಳಿದಿಲ್ಲ. "ಕೊಟ್ಟರು," ಎಂದೆ ನಾನು.

ಅತ್ತಿಗೆ ಅತ್ತು ಅತ್ತು ಸೋತಳು. ಕೂತಲ್ಲೇ ಸೀರೆ ಒದ್ದೆ ಮಾಡಿಕೊಂಡಳು. ಬಿಸಿನೀರಿನಲ್ಲಿ ಒರೆಸಿ, ಬೇರೆ ಸೀರೆ ಉಡಿಸಿ, ರಾಗಿ ಗಂಜಿ ಕುಡಿಸಿದೆ. ಲೋಟ ಖಾಲಿಯಾಗುವ ಹೊತ್ತಿಗೆ ಬಿಕ್ಕಳಿಕೆ ನಿಂತಿತ್ತು. ಬಾಗಿಲ ಕಡೆ ನೋಡಿ, ಒಡೆದ ದನಿಯಲ್ಲಿ, "ಟ್ರೈನ್ ಲೇಟಾ?" ಎಂದಳು.

ಮಗಳು ಎದ್ದು ಹಿತ್ತಲಿಗೆ ಹೋದಳು. ನಾನು "ಹೌದು, ಲೇಟು. ಮಲಗು," ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಮಗಳು ಹೊಸ್ತಿಲಲ್ಲಿ ಬಂದು ನಿಂತಳು. ಕೆನ್ನೆಯ ಮೇಲೆ ತಾಯಿಯ ಬೆರಳು ಮೂಡಿತ್ತು.

"ಇನ್ನೊಂದ್ ಸಲ ನಾನು ಅದುನ್ನ ಏಳಲಾರೆ ಅತ್ತೆ. ನಾಳೆ ಕೇಳಿದ್ರೆ?"

"ನೀನು ಕೆಲಸದಿಂದ ಬರೋದ್ರೊಳಗೆ ನಾನೇ ಹೇಳಿರ್ತೀನಿ. ಟ್ರೈನು ಲೇಟು ಅಂತ."

"ಸ್ವೆಟ್ರು?"

"ಅವನೇ ಹಾಕ್ಕೊಂಡು ಹೋಗಿದ್ದಾನೆ ಅಂತ."

ಅವಳು ಚಾಪೆ ಬಿಡಿಸಿ ಗೋಡೆಯ ಕಡೆ ತಿರುಗಿ ಮಲಗಿದಳು.

ಅತ್ತಿಗೆಯ ಬೆರಳುಗಳಿಗೆ, ಉಗುರಿನ ಸಂದಿಗೆ ಕಪ್ಪು ಹಿಡಿದಿತ್ತು. ಬೆಳಗ್ಗೆ ಎದ್ದು ಇದೇನೆಂದು ಕೇಳಿಯಾಳು. ನಿಂಬೆಹಣ್ಣು ಕೊಯ್ದು, ಬಟ್ಟಲು ಬಿಸಿನೀರು ಇಟ್ಟುಕೊಂಡು, ನಿದ್ದೆಯಲ್ಲಿದ್ದವಳ ಬೆರಳುಗಳನ್ನು ಒಂದೊಂದಾಗಿ ಉಜ್ಜಿದೆ. ಮೊದಲು ಬಲಗೈ, ಆಮೇಲೆ ಎಡಗೈ. ಉಗುರಿನೊಳಗಿನದು ಕಡ್ಡಿಯಿಂದ ತೆಗೆಯಬೇಕಾಯಿತು. ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಎರಡೂ ಕೈಗಳನ್ನು ಕಂಬಳಿಯೊಳಗೆ ಇಟ್ಟೆ. ಬಟ್ಟಲಿನ ನೀರನ್ನು ಹಿತ್ತಲಿನ ಮೋರಿಗೆ ಚೆಲ್ಲಿ ಬಂದು ಬಾಗಿಲು ಹಾಕಿದೆ.