ಕಡಪ ಕಲ್ಲಿನ ಏಳನೇ ಸಂದು

“ಒಂದ್ನಿಮಿಷ ತಡೀರಿ,” ಎಂದು ಟೈಲ್ಸ್ ಮೇಸ್ತ್ರಿ ಕಲಸಿದ ಸಿಮೆಂಟನ್ನು ಬದಿಗೆ ಸರಿಸಿದರು. ಎಮ್ಮಿಗನೂರಿನ ನಮ್ಮ ಮನೆಯ ಹಳೇ ಕಡಪ ಕಲ್ಲಿನ ಮೇಲೆಯೇ ಹೊಳೆಯುವ ಟೈಲ್ಸ್ ಹಾಕಿಸಲು ನಾನು ಹಟ ಹಿಡಿದಿದ್ದೆ. ಮೇಸ್ತ್ರಿಯ ಕಣ್ಣು ಮಾತ್ರ ನನ್ನ ಅತ್ತೆಯ ಕಾಲ ಮೇಲಿತ್ತು. ದೃಷ್ಟಿ ಹೋಗಿರುವ ಅತ್ತೆ, ಬರಿಗಾಲಲ್ಲಿ ಕಲ್ಲುಗಳ ಸಂದು ತಡವುತ್ತ ಬಂದು, ಏಳನೆಯದಕ್ಕೆ ಸರಿಯಾಗಿ ಬಚ್ಚಲ ಕಡೆ ಹೊರಳಿದರು.

“ಬೆಳಿಗ್ಗಿಂದ ನೋಡಾಕತ್ತೀನ್ರಿ, ಅಮ್ಮಾರು ಸಂದು ಎಣಿಸಿ ನಡೀತಾರ. ಟೈಲ್ಸಿನ ಸಂದು ಕಾಲಿಗೆ ಸಿಗಂಗಿಲ್ಲ. ಹಾಕೋದು ಬ್ಯಾಡ್ರಿ.”

ಇಷ್ಟು ವರ್ಷ ಜತೆಗಿದ್ದ ನನಗೆ ಅದು ಕಂಡೇ ಇರಲಿಲ್ಲ.

ಟೈಲ್ಸ್ ಅಂಗಡಿಗೆ ವಾಪಸ್ ಹೋದವು. ಮೊನ್ನೆ ಕಣ್ಣು ಮುಚ್ಚಿಕೊಂಡು ನಾನೂ ಬಚ್ಚಲಿಗೆ ಹೊರಟೆ. ಎಣಿಕೆ ತಪ್ಪಿ ನಾಲ್ಕಕ್ಕೇ ಹೊರಳಿ, ಗೋಡೆಗೆ ಹಣೆ ಬಡಿಸಿಕೊಂಡೆ. “ಇನ್ನಾ ಮೂರು ಅದಾವಲ್ಲ, ಅಲ್ಲೇ ಯಾಕ ಹೊಳ್ಳಿದಿ?” ಎಂದರು ಅತ್ತೆ, ಮಂಚದಿಂದಲೇ.