ಕ್ಲಚ್ಚಮ್ಮನ ಕಾರಿಗೆ ಎಷ್ಟು ಓಮ್

ಕ್ಲಚ್ಚಮ್ಮನಿಗೆ ಆ ಹೆಸರು ಬಂದದ್ದು ಆಕೆಯ ಬಾಯಿಂದಲೇ. ಕಾರು ಕಲಿಯಲು ಬಂದ ಹೆಂಗಸು ಯಾರೇ ಇರಲಿ, ಗಾಬರಿಯಲ್ಲಿ ಎರಡೂ ಕಾಲು ಮೇಲೆತ್ತಿದ ಕೂಡಲೇ ಪಕ್ಕದ ಸೀಟಿನಿಂದ "ಕ್ಲಚ್ಚಮ್ಮಾ, ಕ್ಲಚ್ಚು!" ಎಂದು ಕೂಗುತ್ತಿದ್ದಳು. ಕೂಗು ಬೀದಿಗೆಲ್ಲ ಕೇಳುತ್ತಿತ್ತು. ಕೇಳಿದವರು ಕೂಗಿದವಳಿಗೇ ಆ ಹೆಸರು ಕಟ್ಟಿದರು. ಹೆತ್ತವರು ಇಟ್ಟ ಹೆಸರು ಈಗ ಲೈಸೆನ್ಸಿನಲ್ಲಿ ಮಾತ್ರ ಉಳಿದಿದೆ.

ಬೇರೆಯವರು ಕೈಚೆಲ್ಲಿದ ಮೇಲೆ ಬರುವವರೇ ಆಕೆಯ ಶಿಷ್ಯೆಯರು. ಎಳೆಮಗುವನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಓಡಿಬಂದವರು, ಮೊಮ್ಮಕ್ಕಳನ್ನು ಶಾಲೆಗೆ ಬಿಡಬೇಕಾದವರು, ಗಂಡನ ಹತ್ತಿರ ಕಲಿಯಲು ಹೋಗಿ ಮನೆಯಲ್ಲಿ ಮಾತುಕತೆ ನಿಲ್ಲಿಸಿಕೊಂಡವರು. ಅವರಿಗೆಲ್ಲ ಆಕೆ ಮೊದಲ ದಿನ ಹೇಳಿಕೊಡುತ್ತಿದ್ದದ್ದು ಒಂದೇ ಪಾಠ.

"ಕಾರು ಆಫ್ ಆಯ್ತಾ? ಆಗ್ಲಿ ಬಿಡು. ಕೀ ತಿರುಗ್ಸು, ಮತ್ತೆ ಹೊರಡು. ಆಕಾಶ ಏನೂ ಕಳಚಿ ಬೀಳಲ್ಲ."

ಆ ಮಾತನ್ನು ನಂಬಿ ಸ್ಟಿಯರಿಂಗ್ ಮುಟ್ಟಲು ಹೆದರುವವರೂ ಬೀದಿಗಿಳಿಯುತ್ತಿದ್ದರು. ಕೀ ತಿರುಗಿಸಿದರೆ ಕಾರು ನಿಜಕ್ಕೂ ಸ್ಟಾರ್ಟ್ ಆಗುತ್ತಿತ್ತು. ಕ್ಲಚ್ಚಮ್ಮನ ಗಂಡ ಮಾತ್ರ ಆ ಕಾರು ಹತ್ತುತ್ತಿರಲಿಲ್ಲ. ಅವರು ಬಸ್ ಕಂಡಕ್ಟರು. ಪಾಠದ ಹೊತ್ತಿನಲ್ಲಿ ಒಂದೇ ಒಂದು ಸಲ ಹಿಂದಿನ ಸೀಟಿನಲ್ಲಿ ಕೂತು, ಇಳಿದ ಮೇಲೆ "ನನಗೆ ನಿಂತ್ಕೊಂಡು ಹೋಗೋದೇ ಅಭ್ಯಾಸ" ಎಂದು ಜಾರಿಕೊಂಡಿದ್ದರು.

ಕಾರು ಹಳೆಯದು. ಅದರ ಇಂಜೆಕ್ಟರುಗಳು, ಅಂದರೆ ಎಂಜಿನ್ನಿನೊಳಕ್ಕೆ ಪೆಟ್ರೋಲು ಚಿಮ್ಮಿಸುವ ನಾಲ್ಕು ಮೂತಿಗಳು, ಸೋರತೊಡಗಿದವು. ಮೂಲ ಕಂಪನಿಯವು ಎಲ್ಲೂ ಸಿಗಲಿಲ್ಲ. ಕ್ಲಚ್ಚಮ್ಮನ ತಮ್ಮ ಆಟೋ ಎಲೆಕ್ಟ್ರಿಷಿಯನ್. ಅವನು ಹುಡುಕಿ ಹುಡುಕಿ ಬೇರೆ ಕಂಪನಿಯ ನಾಲ್ಕನ್ನು ತಂದ.

ತಮ್ಮ ಒಂದು ಗಂಟು ಬಿಚ್ಚೀತೆಂದು ಎರಡನೆಯದು, ಎರಡನೆಯದರ ಮೇಲೂ ನಂಬಿಕೆಯಿಲ್ಲದೆ ಮೂರನೆಯದು ಹಾಕುವ ಪೈಕಿ. ಅವನ ಶೆಡ್ಡಿನ ಬಾಗಿಲಿಗೆ ಎಷ್ಟು ಬೀಗಗಳಿದ್ದವೆಂದರೆ ಗಿರಾಕಿಗಳು ಕೀಲಿಕೈ ಸದ್ದು ಕೇಳಿದ ಮೇಲೆ ಟೀ ಕುಡಿದು ಬರುತ್ತಿದ್ದರು.

ಅವನು ಮಲ್ಟಿಮೀಟರಿನ ಎರಡು ಮೊನೆಗಳನ್ನು ಮೊದಲು ಒಂದಕ್ಕೊಂದು ತಾಗಿಸಿ, ಕರೆಂಟಿಗೆ ವೈರೇ ಒಡ್ಡುವ ತಡೆ ಎಷ್ಟೆಂದು ನೋಡಿ, ಅದನ್ನು ಲೆಕ್ಕದಿಂದ ಕಳೆದ. ಆಮೇಲೆ ಹಳೆಯ ಇಂಜೆಕ್ಟರಿಗೆ ಹಿಡಿದ. ತಡೆ ಹದಿನಾಲ್ಕು ಓಮ್. ಹೊಸದಕ್ಕೆ ಹಿಡಿದ. ಎರಡೂವರೆಯೂ ಇಲ್ಲ.

"ಅಕ್ಕ, ಇವು ಜಾಗಕ್ಕೆ ಸರಿಯಾಗಿ ಕೂರ್ತವೆ. ಪೆಟ್ರೋಲ್ ಬಿಡೋ ಲೆಕ್ಕಾನೂ ಅದೇ. ಆದ್ರೆ ಹೊಟ್ಟೆ ಬೇರೆ."

"ಹೊಟ್ಟೆ ಅಂದ್ರೆ?"

"ತಡೆ ಕಡಿಮೆ ಇದ್ದಷ್ಟೂ ಕರೆಂಟ್ ಜಾಸ್ತಿ ಎಳೀತವೆ. ಹಳೇವು ಹಿತಮಿತವಾಗಿ ತಿನ್ನೋವು. ಇವು ಬಕಾಸುರನ ವಂಶ. ಇವಕ್ಕೆ ಬಡಿಸೋದು ಡ್ಯಾಶ್‌ಬೋರ್ಡ್ ಹಿಂದಿರೋ ಕಂಪ್ಯೂಟರ್ ಪೆಟ್ಟಿಗೆ. ಬಡಿಸಿ ಬಡಿಸಿ ಅದು ಸುಟ್ಟುಹೋಗತ್ತೆ."

"ಸುಟ್ರೆ ಇನ್ನೊಂದು ಹಾಕು."

"ಅದನ್ನ ಈಗ ಯಾರೂ ಮಾಡಲ್ಲ. ಪೆಟ್ಟಿಗೆ ಹೋದ್ರೆ ಕಾರು ಗುಜರಿಗೆ. ಅದಕ್ಕೇ ಪ್ರತಿ ಇಂಜೆಕ್ಟರ್ ದಾರೀಲೂ ಒಂದೊಂದು ರೆಸಿಸ್ಟರ್ ಕೂರಿಸ್ಬೇಕು. ಕರೆಂಟಿಗೆ ರೋಡ್ ಹಂಪ್ ಹಾಕಿದ ಹಾಗೆ."

"ಎಷ್ಟೆತ್ತರದ ಹಂಪ್?"

ಇದಕ್ಕೆ ತಮ್ಮ ಎರಡು ದಿನ ತೆಗೆದುಕೊಂಡ. ಕೊನೆಗೆ ಹತ್ತು ಓಮಿನವು ತಂದ. ಹೊಸ ಇಂಜೆಕ್ಟರಿನದೂ ಸೇರಿದರೆ ಹೆಚ್ಚು ಕಡಿಮೆ ಹಳೆಯದರಷ್ಟೇ ಆಗುತ್ತದೆ, ಪೆಟ್ಟಿಗೆಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ ಎಂಬುದು ಅವನ ಲೆಕ್ಕ. ಅಂಗಡಿಯವನು ಕೊಟ್ಟ ಸಣ್ಣ ಸಿಮೆಂಟಿನವನ್ನು ವಾಪಸು ಕೊಟ್ಟು, ಬಿಸಿ ತಡೆಯಲು ಲೋಹದ ಮೈಯಿರುವ ಇಪ್ಪತ್ತೈದು ವಾಟಿನವನ್ನು ಆರಿಸಿದ್ದ. ಅವನ್ನು ದಪ್ಪ ಅಲ್ಯೂಮಿನಿಯಂ ತಗಡಿಗೆ ಬಿಗಿದು ರೇಡಿಯೇಟರಿನ ಪಕ್ಕ ಗಾಳಿ ತಾಗುವಲ್ಲಿ ಕೂರಿಸಿದ. ಊರಾಚೆಯ ರಸ್ತೆಯಲ್ಲಿ ಹೋಗಿ ಬಂದು, "ಬೆಣ್ಣೆ ಇದ್ದಂಗಿದೆ" ಎಂದ.

ಮರುದಿನ ಔಷಧಿ ಅಂಗಡಿಯಾಕೆಯ ಪಾಠ. ಆಕೆ ಸ್ಟಿಯರಿಂಗನ್ನು ಬಾವಿಯ ಹಗ್ಗದಂತೆ ಹಿಡಿದು ತರಕಾರಿ ಮಾರುಕಟ್ಟೆಯ ತಿರುವಿನವರೆಗೆ ಬಂದಳು. ಆಫ್ ಮಾಡಿದಳು. ಸ್ಟಾರ್ಟ್ ಮಾಡಿ ಮತ್ತೆ ಆಫ್ ಮಾಡಿದಳು. ಅದನ್ನೇ ಇನ್ನೆರಡು ಸಲ ಮಾಡಿದಳು. ಆಮೇಲೆ ಕೀ ತಿರುಗಿಸಿದರೆ ಎಂಜಿನ್ನು ಕೆಮ್ಮಿತೇ ಹೊರತು ಏಳಲಿಲ್ಲ. ಹಿಂದೆ ಲಾರಿ, ಲಾರಿಯ ಹಿಂದೆ ಬಸ್ಸು, ಎಲ್ಲರ ಕೈಯೂ ಹಾರ್ನಿನ ಮೇಲೆ. ಮೂಟೆ ಹೊರುವವರು ಬಂದು ತಳ್ಳಿ ಪಕ್ಕಕ್ಕೆ ನಿಲ್ಲಿಸಿದರು. ಅವರಲ್ಲೊಬ್ಬ "ಲೇಡೀಸ್ ಗಾಡಿನಾ?" ಎಂದು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

ಔಷಧಿ ಅಂಗಡಿಯಾಕೆ ಮನೆಯ ಮುಂದೆ ಇಳಿಯುವಾಗ ಅಳಲಿಲ್ಲ. "ನಾಳೆ ಬರಲ್ಲ ಮೇಡಂ, ನಾಡಿದ್ದೂ ಬರಲ್ಲ" ಎಂದು ಹೇಳಿ ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದಳು. ಕ್ಲಚ್ಚಮ್ಮನಿಗೆ ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಇಷ್ಟು ವರ್ಷ ತಾನು ಹೇಳಿಕೊಟ್ಟ ಒಂದೇ ಒಂದು ಪಾಠ ಆ ತಿರುವಿನಲ್ಲಿ ಸುಳ್ಳಾಗಿತ್ತು.

ತಮ್ಮ ಬಂದು ಕೀ ತಿರುಗಿಸಿದ. ಸ್ಟಾರ್ಟ್ ಆಯಿತು. ಆಫ್ ಮಾಡಿ ತಿರುಗಿಸಿದ. ಆಗಲೂ ಆಯಿತು.

"ಏನೂ ಇಲ್ವಲ್ಲ ಅಕ್ಕ. ಓಡಿಸೋರ ದೋಷ."

"ನೀನು ಓಡಿಸಿದ್ರೆ ಕಾರು ಆಫೇ ಆಗಲ್ಲ ಕಣೋ. ಅದೇ ತೊಂದ್ರೆ."

"ಸರಿ, ಬೇಕಂತ ಆಫ್ ಮಾಡ್ತೀನಿ" ಎಂದು ಬೀದಿಗೆ ತೆಗೆದ. ಆದರೆ ಹುಟ್ಟುಗುಣ ಬಿಡಬೇಕಲ್ಲ. ಎಂಜಿನ್ನು ನಡುಗಿದ ಕೂಡಲೇ ಕಾಲು ತಾನಾಗಿಯೇ ಕ್ಲಚ್ಚಿನ ಮೇಲೆ ಹೋಗುತ್ತಿತ್ತು. ಅಕ್ಕನಿಗೂ ಅದೇ ಕಾಯಿಲೆ. ಕೆಟ್ಟದಾಗಿ ಓಡಿಸುವ ಯೋಗ್ಯತೆ ಇಬ್ಬರಿಗೂ ಇರಲಿಲ್ಲ.

ಮನೆಯಲ್ಲಿ ಆ ಯೋಗ್ಯತೆ ಇದ್ದದ್ದು ಒಬ್ಬಳಿಗೆ, ತಮ್ಮನ ಹೆಂಡತಿಗೆ. ವರ್ಷದಿಂದ ಕಲಿಯುತ್ತಿದ್ದಳು. ಆಕೆ ಕಾರು ಹೊರಗೆ ತೆಗೆದರೆ ಪಕ್ಕದ ಮನೆಯವರು ತಮ್ಮ ಸೈಕಲ್ಲನ್ನು ಒಳಗಿಡುತ್ತಿದ್ದರು. ಕರೆ ಹೋದಾಗ ಮಗುವಿಗೆ ಅನ್ನ ಕಲಸುತ್ತಿದ್ದಳು.

"ಕಾರು ಆಫ್ ಮಾಡೋಕೆ ನಾನು ಬೇಕಾ? ಇಷ್ಟು ದಿನ ಅದಕ್ಕೇ ತಾನೇ ಬೈಸ್ಕೊಂಡಿದ್ದು?"

"ಬಾರಮ್ಮ" ಅಂದಳು ಕ್ಲಚ್ಚಮ್ಮ. "ಇವತ್ತು ನಿನ್ನಿಂದ ನನಗೆ ಉಪಕಾರ ಆಗ್ಬೇಕು."

ಆಕೆ ಮಗುವಿನ ಬಾಯಿ ಒರೆಸಿ, ಕಂಡಕ್ಟರ್ ಮಾವನ ತೊಡೆಯ ಮೇಲೆ ಕೂರಿಸಿ ಬಂದಳು. ತಮ್ಮ ಬ್ಯಾಟರಿಯಿಂದ ಉದ್ದ ವೈರು ಎಳೆದು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಕ್ಲಚ್ಚಮ್ಮ ಪಕ್ಕದಲ್ಲಿ ಕೂತು, ಕಲಿಸುವವರಿಗೆಂದು ಆ ಸೀಟಿಗೂ ಇದ್ದ ಪೆಡಲುಗಳಿಂದ ಕಾಲು ಹಿಂದಕ್ಕೆಳೆದುಕೊಂಡಳು.

ಹೆಂಡತಿ ಮೊದಲ ಗೇರು ಹಾಕಿದಳು. ಕಾರು ದೋಣಿಯಂತೆ ಜಾರಿಕೊಂಡು ಹೋಯಿತು. ಎರಡನೆಯದು ಹಾಕಿದಳು. ತಿರುವು, ಬಾವಿಕಟ್ಟೆ, ಗಿರಣಿ ಎಲ್ಲ ದಾಟಿತು. ಒಂದು ಕಡೆಯಾದರೂ ಕೆಮ್ಮಲಿಲ್ಲ.

"ಆಫ್ ಮಾಡೇ" ಅಂದ ತಮ್ಮ.

"ಮಾಡ್ತಾ ಇದೀನಿ, ಆಗ್ತಾ ಇಲ್ಲ ಕಣ್ರೀ."

"ಒಂದು ವರ್ಷ ಬೇಡ ಬೇಡ ಅಂದ್ರೂ ಮಾಡ್ದೆ. ಇವತ್ತು ಬೇಕು ಅಂದ್ರೆ ಆಗಲ್ವಾ?"

"ಆಫ್ ಆದ್ರೂ ಇವತ್ತು ಯಾರೂ ಬೈಯಲ್ವಲ್ಲ, ಅದಕ್ಕೇ ಇರ್ಬೇಕು" ಅಂದಳು ಆಕೆ, ತನಗೂ ಆಶ್ಚರ್ಯವಾದವಳಂತೆ.

ತಮ್ಮನಿಗೆ ತಡೆಯಲಾಗಲಿಲ್ಲ. ಎದುರಿಗೆ ಏರು ಬಂದದ್ದೇ ಮುಂದಕ್ಕೆ ಬಾಗಿ, "ಈಗ ಗೇರ್ ಇಳಿಸು. ನಿಧಾನ. ಕ್ಲಚ್ ಅಷ್ಟು ಬೇಗ ಬಿಡ್ಬೇಡ. ಎಷ್ಟು ಸಲ ಹೇಳಿದೀನಿ ನಿಂಗೆ?" ಎಂದ.

ಕಾರು ಅಲ್ಲೇ ಆಫ್ ಆಯಿತು.

"ಹಂಗೇ ಹೇಳ್ತಾ ಇರೋ" ಅಂದಳು ಕ್ಲಚ್ಚಮ್ಮ.

ತಮ್ಮ ಹೇಳುತ್ತಾ ಹೋದ, ಹೆಂಡತಿ ಆಫ್ ಮಾಡುತ್ತಾ ಹೋದಳು. ಅದಕ್ಕೆ ಇಬ್ಬರೂ ಕಷ್ಟಪಡಬೇಕಾಗಲಿಲ್ಲ. ನಾಲ್ಕನೆಯ ಸಲಕ್ಕೆ ಎಂಜಿನ್ನು ಮಾರುಕಟ್ಟೆಯಲ್ಲಿ ಕೆಮ್ಮಿದಂತೆಯೇ ಕೆಮ್ಮಿ ಸುಮ್ಮನಾಯಿತು. ತಮ್ಮ ಮೀಟರು ನೋಡಿದ. ಸ್ಟಾರ್ಟ್ ಮಾಡುವಾಗ ಹನ್ನೆರಡು ವೋಲ್ಟಿನ ಬ್ಯಾಟರಿ ಎಂಟೂವರೆಗೆ ಇಳಿಯುತ್ತಿತ್ತು. ಹೆಂಡತಿಯನ್ನು ಬೈಯುವ ಬದಲು ಮೀಟರನ್ನೇ ಇನ್ನೊಮ್ಮೆ ನೋಡಿದ. ಹೆಂಡತಿಗೆ ಅದೂ ಹೊಸತೇ.

"ನನ್ನ ಹಂಪು ಎತ್ತರ ಆಯ್ತು ಅಕ್ಕ" ಎಂದ ಕೊನೆಗೆ. "ಕಲಿಯೋ ಗಾಡಿ ತೆವಳ್ತಾ ಇರತ್ತೆ, ಬ್ಯಾಟರಿ ಪೂರ್ತಿ ತುಂಬೋದೇ ಇಲ್ಲ. ಮೇಲಿಂದ ಮೇಲೆ ಸ್ಟಾರ್ಟ್ ಮಾಡಿದ್ರೆ ಅದರ ಬಲ ಕುಗ್ಗತ್ತೆ. ಅಷ್ಟು ಬಲದಲ್ಲಿ ಈ ಹತ್ತು ಓಮ್ ದಾಟಿ ಇಂಜೆಕ್ಟರ್ ಬಾಯಿ ತೆರೆಯಲ್ಲ. ಓಡೋ ಗಾಡಿಗೆ ಸರಿ ಇದು. ನಿನ್ನ ಗಾಡಿಗಲ್ಲ."

"ಹಂಗಾದ್ರೆ ಇಳಿಸು."

"ಇಳಿಸಿದಷ್ಟೂ ಪೆಟ್ಟಿಗೆ ಮೇಲೆ ಭಾರ. ಅದು ಎಷ್ಟು ತಡ್ಕೊಳತ್ತೆ ಅಂತ ಎಲ್ಲೂ ಬರೆದಿಲ್ಲ. ನಾಲ್ಕು ಪಾಯಿಂಟ್ ಏಳು ಓಮಿಂದು ಹಾಕಿದ್ರೆ ಖಂಡಿತ ಸ್ಟಾರ್ಟ್ ಆಗತ್ತೆ, ಆದ್ರೆ ಪೆಟ್ಟಿಗೆ ಸುಟ್ರೂ ಸುಡಬಹುದು. ಆರು ಪಾಯಿಂಟ್ ಎಂಟು ನಡುವಿಂದು. ಉಳಿಯತ್ತೆ ಅಂತ ಕಾಣತ್ತೆ. ಆಣೆ ಮಾಡಿ ಹೇಳಲಾರೆ. ಇಲ್ಲಾಂದ್ರೆ ಹತ್ತೇ ಇರ್ಲಿ, ಆಫ್ ಆದಾಗ ಸ್ವಲ್ಪ ಕಾಯಿ. ಕಾರಾದ್ರೂ ಉಳಿಯತ್ತೆ."

ಕ್ಲಚ್ಚಮ್ಮ ಸ್ಟಿಯರಿಂಗಿನ ಮುಂದೆ ಕೂತಿದ್ದವಳ ಕೈ ನೋಡಿದಳು. ಬೆರಳ ಸಂದಿಯಲ್ಲಿ ಮಗುವಿಗೆ ಕಲಸಿದ ಅನ್ನದ ಅಗುಳು ಇನ್ನೂ ಒಣಗಿ ಅಂಟಿಕೊಂಡಿತ್ತು. ಲಾರಿಯವನು ಹಾರ್ನ್ ಬಾರಿಸುವಾಗ ಕಾಯಿರಿ ಎಂದು ಯಾರಿಗೆ ಹೇಳುವುದು?

"ಪೆಟ್ಟಿಗೆ ಸುಟ್ರೆ ನನಗೆ ಕಷ್ಟ" ಅಂದಳು. "ಕಾರು ಏಳದಿದ್ರೆ ಅವರಿಗೆ ಕಷ್ಟ. ಆರು ಪಾಯಿಂಟ್ ಎಂಟು ಹಾಕು. ಆ ಬ್ಯಾಟರಿನೂ ಸ್ವಲ್ಪ ನೋಡು."

ತಮ್ಮ ನೋಡಿದ. ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ಅರ್ಥ್ ಕೇಬಲ್ಲಿನ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಎಷ್ಟೋ ತಿಂಗಳಿಂದ ಬಲ ಅಲ್ಲೇ ಸೋರುತ್ತಿತ್ತು. ಅದನ್ನು ಉಜ್ಜಿ, ದಪ್ಪ ಕೇಬಲ್ಲು ಹಾಕಿ, ರೆಸಿಸ್ಟರುಗಳನ್ನು ಬದಲಿಸಿದ. ಹೆಂಡತಿಯನ್ನು ಮತ್ತೆ ಕೂರಿಸಿದರು. ಆಕೆಗೆ ಕಾರು ಆಫ್ ಮಾಡುವುದು ಮತ್ತೆ ಮರೆತುಹೋಗಿತ್ತು, ತಮ್ಮ ಪುನಃ ಉಪದೇಶ ಮಾಡಬೇಕಾಯಿತು. ಏರಿನಲ್ಲಿ ಮಾಡಿದ, ಇಳಿಜಾರಿನಲ್ಲಿ ಮಾಡಿದ, ಗಿರಣಿಯ ಮುಂದೆ ಗಂಟಲು ಕಟ್ಟುವವರೆಗೆ ಮಾಡಿದ. ಆಫ್ ಆದಷ್ಟು ಸಲವೂ ಕಾರು ಎದ್ದಿತು. ಅವನು ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ, ಮಗುವಿನ ಜ್ವರ ನೋಡುವವನ ಹಾಗೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಕ್ಲಚ್ಚಮ್ಮ ಔಷಧಿ ಅಂಗಡಿಗೆ ಹೋದಳು. ಕೌಂಟರಿನಾಚೆ ನಿಂತಿದ್ದಾಕೆ ತಲೆನೋವಿನ ಮಾತ್ರೆ ಎತ್ತಿಟ್ಟಳು.

"ಮಾತ್ರೆ ಬೇಡಮ್ಮ. ಅವತ್ತಿನ ತಪ್ಪು ನಿಂದಲ್ಲ, ನನ್ನ ಕಾರಿಂದು. ಸರಿ ಮಾಡಿಸಿದೀನಿ."

"ಮತ್ತೆ ಹಂಗಾದ್ರೆ ಮೇಡಂ?"

"ಆಗಲ್ಲ ಅಂತ ಆಣೆ ಇಡಲ್ಲ. ಆದ್ರೆ ನಾನೇ ಇಳಿದು ತಳ್ತೀನಿ."

ಆಕೆ ಯೋಚಿಸಿದಳು. ಕ್ಲಚ್ಚಮ್ಮನ ಮೈಕಟ್ಟನ್ನು ನೋಡಿದಳು. ತಳ್ಳಬಲ್ಲಳು ಎನಿಸಿರಬೇಕು, ಅಂಗಡಿಯನ್ನು ತಂಗಿಗೆ ಬಿಟ್ಟು ಬಂದಳು.

ಮಾರುಕಟ್ಟೆಯ ತಿರುವಿನಲ್ಲಿ, ಇಬ್ಬರೂ ಎಣಿಸಿದ್ದಂತೆಯೇ, ಆಕೆ ಆಫ್ ಮಾಡಿದಳು. ಹಿಂದೆ ಟೆಂಪೋ ಹಾರ್ನ್ ಬಾರಿಸಿತು. ಆಕೆ ಕೀ ತಿರುಗಿಸಿದಳು, ಎದ್ದಿತು. ಒಂದು ಮಾರು ಮುಂದೆ ಹೋಗಿ ಮತ್ತೆ ಆಫ್ ಮಾಡಿದಳು. ಕ್ಲಚ್ಚಮ್ಮ ಎಡಗೈಯಲ್ಲಿ ಬಾಗಿಲ ಹಿಡಿ ಹಿಡಿದು ಇಳಿಯಲು ಸಿದ್ಧಳಾಗಿ ಕೂತಿದ್ದಳು. ಮತ್ತೆ ಎದ್ದಿತು, ಮತ್ತೆ ಆಫ್ ಆಯಿತು, ಮತ್ತೆ ಎದ್ದಿತು. ಟೆಂಪೋದವನು ತಲೆ ಹೊರಹಾಕಿ ಏನೋ ಅಂದ.

ಔಷಧಿ ಅಂಗಡಿಯಾಕೆ ಕಿಟಕಿ ಇಳಿಸಿ, "ಸ್ವಲ್ಪ ಇರಪ್ಪ, ಕಲೀತಾ ಇದೀನಿ" ಎಂದಳು. ಕಿಟಕಿ ಏರಿಸಿ, ಮೊದಲ ಗೇರು ಹಾಕಿ, ತಿರುವು ದಾಟಿದಳು.