ದಾರಿ ಎಣಿಸಿ ಹಲ್ಲು ಕೂಡಿಸುವ ಮಹಬೂಬಸಾಬರು

ಬೆಳಗಿನ ಐದೂವರೆ. ಅಣ್ಣಿಗೇರಿಯ ಗದಗ ರಸ್ತೆಗೆ ಹೊಂದಿಕೊಂಡ ತಗಡಿನ ಶೆಡ್ಡಿನಲ್ಲಿ ಗೋಣಿತಟ್ಟಿನ ಮೇಲೆ ಅಂಗಾತ ಮಲಗಿದ ಮಹಬೂಬಸಾಬರ ಕಾಲುಗಳಷ್ಟೇ ಕಾಣುತ್ತಿವೆ. ಉಳಿದ ಮೈಯೆಲ್ಲ ಒಂದು ಕೆಂಪು ಕಾರಿನ ಅಡಿಯಲ್ಲಿದೆ. ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಊರಿನವರು ‘ದೋಣಿ’ ಎಂದು ಕರೆಯುವ ಹಳೆಯ ವಿಲಾಯತಿ ಗಾಡಿ. ಜಾಕಿನ ಮೇಲೆ ಎತ್ತಿದ ಹಿಂದಿನ ಗಾಲಿಯನ್ನು ಅವರು ಕೈಯಿಂದ ಮೆಲ್ಲಗೆ ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಹೊರಗೆ ಬಂದಾಗ ಒಮ್ಮೆಲೇ ಏಳಲು ಆಗುವುದಿಲ್ಲ. ಬಂಪರ್ ಹಿಡಿದು, ಮೊಣಕಾಲೂರಿ, ಸ್ವಲ್ಪ ಹೊತ್ತು ಹಾಗೇ ಕೂತು ಎದ್ದು ನಿಲ್ಲುತ್ತಾರೆ.

“ಹಲ್ಲು ಸವದಾವು. ಇನ್ನೊಂದ ತಿಂಗಳ ಓಡೀತು, ಅದರ ಮ್ಯಾಲ ಇಲ್ಲ” ಎನ್ನುತ್ತಾರೆ. ಯಾರಿಗೂ ಹೇಳಿದ್ದಲ್ಲ. ಕೈ ಒರೆಸಿಕೊಳ್ಳುತ್ತ ಗಾಡಿಗೇ ಹೇಳಿದಂತಿದೆ.

ಮಹಬೂಬಸಾಬರಿಗೆ ಈಗ ಐವತ್ತೆಂಟು. ಹುಬ್ಬಳ್ಳಿಯ ಲಾರಿ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಇಲ್ಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಎಂಜಿನ್ ಕೆಲಸ ಮಾಡುವವರು ಸುತ್ತಮುತ್ತ ಬಹಳ ಜನ ಇದ್ದಾರೆ. ಇವರದು ಗಾಡಿಯ ಹಿಂಭಾಗದ ಕೆಲಸ. ಹಿಂದಿನ ಎರಡು ಗಾಲಿಗಳ ನಡುವೆ ಗಡಿಗೆಯಂಥ ಒಂದು ಉಬ್ಬು ಇರುತ್ತದೆ. ಅದರೊಳಗೆ ತಟ್ಟೆಯಷ್ಟು ದೊಡ್ಡ ಹಲ್ಲಿನ ಚಕ್ರ, ಅದಕ್ಕೆ ಕಚ್ಚಿಕೊಂಡು ಮುಷ್ಟಿಯಷ್ಟು ಚಿಕ್ಕ ಚಕ್ರ. ಎಂಜಿನ್ ಎಷ್ಟು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗಬೇಕು ಎಂಬುದನ್ನು ಈ ಜೋಡಿಯ ಹಲ್ಲುಗಳ ಲೆಕ್ಕವೇ ನಿಶ್ಚಯಿಸುತ್ತದೆ. ಸುತ್ತು ಕಡಿಮೆಯಿದ್ದರೆ ಗಾಡಿಗೆ ಓಟ ಹೆಚ್ಚು, ಎಳೆಯುವ ಶಕ್ತಿ ಕಡಿಮೆ. ಸುತ್ತು ಹೆಚ್ಚಿದ್ದರೆ ಶಕ್ತಿ ಹೆಚ್ಚು, ಓಟ ಕಡಿಮೆ. ಎರಡನ್ನೂ ಒಟ್ಟಿಗೆ ಕೊಡುವ ಜೋಡಿ ಇಲ್ಲ.

ಹತ್ತಿಯ ಹಂಗಾಮಿನಲ್ಲಿ ವಾರಕ್ಕೆ ಮೂರು ಲಾರಿಗಳ ಗಡಿಗೆ ಬಿಚ್ಚುತ್ತಾರೆ. ಒಂದೊಂದೂ ಒಬ್ಬ ಆಳಿನ ತೂಕ. ಎದೆಯ ಮೇಲೆ ಇಳಿಸಿಕೊಂಡು ಪಕ್ಕಕ್ಕೆ ಹೊರಳಿಸಬೇಕು. ಎಡಗೈ ಈಗ ಹೆಗಲಿನಿಂದ ಮೇಲಕ್ಕೆ ಏಳುವುದಿಲ್ಲ. “ರಾತ್ರಿ ಮಗ್ಗಲು ಬದಲಿಸಬೇಕಂದ್ರ ನನ್ನ ಎಬ್ಬಸ್ತಾರ್ರಿ” ಎನ್ನುತ್ತಾರೆ ಹೆಂಡತಿ ರಹೀಮಾಬಿ, ಚಹಾದ ಲೋಟ ಇಡುತ್ತ. “ಗಾಡಿ ಹೊರಳಸಾಕ ಬರ್ತೈತಿ, ತಾವು ಹೊರಳಾಕ ಬರೂದಿಲ್ಲ.”

ಅವರ ಕೆಲಸದಲ್ಲಿ ಒಂದು ಪದ್ಧತಿಯಿದೆ. ಹೊಸ ಜೋಡಿ ಹಾಕುವ ಮೊದಲು ಮಾಲೀಕನ ಜೊತೆ ಅವನ ದಿನದ ದಾರಿಯಲ್ಲಿ ಒಮ್ಮೆ ಹೋಗಿಬರುತ್ತಾರೆ. ಎಡಗಡೆಯ ಜೇಬಿನಲ್ಲಿ ಕಡಲೆಕಾಳು. ಚಾಲಕ ಟಾಪ್ ಗೇರಿನಿಂದ ಕೆಳಗಿಳಿದಾಗಲೆಲ್ಲ ಒಂದು ಕಾಳು ಬಲಗಡೆಯ ಜೇಬಿಗೆ ಹೋಗುತ್ತದೆ. ಮನೆಗೆ ಬಂದು ಕಾಳು ಎಣಿಸುತ್ತಾರೆ. ಕಾಳು ಹೆಚ್ಚಿದ್ದಷ್ಟೂ ಆ ದಾರಿಗೆ ಎಳೆಯುವ ಶಕ್ತಿಯ ಜೋಡಿಯೇ ಬೇಕು. “ಮೊದಲ ದಾರಿ ಎಣಿಸಬೇಕ್ರಿ, ಆಮ್ಯಾಲೆ ಹಲ್ಲು.”

ಈ ಪದ್ಧತಿ ಶುರುವಾದದ್ದು ಹನ್ನೆರಡು ವರ್ಷದ ಹಿಂದೆ, ಎಪ್ಪತ್ತನಾಲ್ಕನೇ ಇಸವಿಯಲ್ಲಿ. ಲಾರಿಯ ಮಾಲೀಕನೊಬ್ಬ ಬೇಗ ಓಡುವ ಜೋಡಿ ತಂದು ಹಾಕೆಂದ. ಭಾರ ಹೊತ್ತು ಘಟ್ಟ ಹತ್ತುವ ಗಾಡಿಗೆ ಅದು ತಕ್ಕದ್ದಲ್ಲ ಎಂದು ಮಹಬೂಬಸಾಬರಿಗೆ ಗೊತ್ತಿತ್ತು. ದೊಡ್ಡ ಮನುಷ್ಯ, ಎದುರು ಹೇಳುವುದು ಹೇಗೆಂದು ಸುಮ್ಮನೆ ಹಾಕಿದರು. ಕರಾವಳಿಗೆ ಹೋಗಿ ಉಪ್ಪು ತುಂಬಿಕೊಂಡು ಮರಳುತ್ತಿದ್ದ ಲಾರಿ ಅರಬೈಲ್ ಘಟ್ಟದ ಏರಿನಲ್ಲಿ ನಿಂತುಬಿಟ್ಟಿತು, ಹಿಂದಕ್ಕೆ ಸರಿಯತೊಡಗಿತು. ಗಾಲಿಗೆ ಕಲ್ಲು ಕೊಡಲು ಜಿಗಿದ ಕ್ಲೀನರ್ ತಿರಕಪ್ಪನ ಬಲಗಾಲಿನ ಪಾದ ಗಾಲಿಯ ಅಡಿಗೆ ಸಿಕ್ಕಿತು.

ತಿರಕಪ್ಪ ಈಗ ದಿನವೂ ಈ ಶೆಡ್ಡಿಗೇ ಬರುತ್ತಾನೆ. ಐವತ್ತು ದಾಟಿದ ಆಸಾಮಿ, ಕೋಲೂರಿ ನಡೆಯುತ್ತಾನೆ, ನಟ್ಟು ತೊಳೆದುಕೊಡುತ್ತಾನೆ. “ಇಂವ ಬಾಯಿ ಮುಚಗೊಂಡ ಕುಂತಿದ್ದಕ್ಕ ನಂದು ಕಾಲ ಹೋತು” ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾನೆ. ಮಹಬೂಬಸಾಬರು ನಗುವುದಿಲ್ಲ.

ಕೆಂಪು ಕಾರು ಊರಿನ ಹತ್ತಿ ಮಿಲ್ಲಿನ ಮಾಲೀಕ ಮಡಿವಾಳೆಪ್ಪನವರದು. ತಂದೆ ಕೊಂಡಿದ್ದ ಗಾಡಿ, ಹದಿನೈದು ವರ್ಷ ಹತ್ತಿಯ ಅಂಡಿಗೆಗಳ ಹಿಂದೆ ಬಿದ್ದಿತ್ತು. ಈಗ ಅದರಲ್ಲೇ ವಾರಕ್ಕೆ ಐದು ದಿನ ನವಲಗುಂದದ ಕಡೆ ಹತ್ತಿ ನೋಡಲು ಹೋಗುತ್ತಾರೆ. ಮುಂದಿನ ತಿಂಗಳು ಪುಣೆಯಲ್ಲಿ ಹಳೆಯ ಕಾರುಗಳ ಓಟವಿದೆ, ಅದಕ್ಕೂ ಇದನ್ನೇ ಒಯ್ಯಬೇಕೆಂದಿದ್ದಾರೆ. ಮೊನ್ನೆ ಮಹಬೂಬಸಾಬರು ಜೊತೆಗೆ ಹೋಗಿ ಬಂದಾಗ ಬಲಜೇಬಿನಲ್ಲಿ ಅರವತ್ತೊಂದು ಕಾಳು ಇದ್ದವು.

ಒಂಬತ್ತು ಗಂಟೆಗೆ ಮಡಿವಾಳೆಪ್ಪ ಬರುತ್ತಾರೆ. ಕೈಯಲ್ಲಿ ಮುಂಬೈಯಿಂದ ತರಿಸಿದ ರಟ್ಟಿನ ಪೆಟ್ಟಿಗೆ, ಕಂಕುಳಲ್ಲಿ ಗಾಡಿಯ ಪುಸ್ತಕ.

“ಸಾಬ್ರ, ಸೆಟ್ ಬಂತ್ ನೋಡ್ರಿ. ಸಣ್ಣದಕ್ಕ ಹನ್ನೊಂದ ಹಲ್ಲು, ದೊಡ್ಡದಕ್ಕ ನಾಲ್ವತ್ತಮೂರು. ನೂರರ ಮ್ಯಾಲ ಹಾರತೈತಿ ಅಂತ ಬರದಾರ.”

ಮಹಬೂಬಸಾಬರು ಪೆಟ್ಟಿಗೆ ತೆರೆದು, ಚಕ್ರವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಒಳ್ಳೆಯ ಮಾಲು. ಮತ್ತೆ ಮೆಲ್ಲಗೆ ಒಳಗಿಡುತ್ತಾರೆ.

“ನಾ ಹಾಕೂದಿಲ್ರಿ.”

ಶೆಡ್ಡಿನಲ್ಲಿ ನಟ್ಟು ತೊಳೆಯುವ ಸದ್ದು ನಿಲ್ಲುತ್ತದೆ.

“ಯಾಕ?”

“ಹಳೇದರಾಗ ಹತ್ತು, ನಾಲ್ವತ್ತಮೂರು ಐತಿ. ಅದು ಎಲ್ಲೂ ಸಿಗವಲ್ದು. ಅಂಬಾಸಡರ್‌ದು ಒಂಬತ್ತು, ನಾಲ್ವತ್ತೊಂದು ನನ್ನ ಹತ್ರ ಐತಿ, ಈ ಗಾಡಿಗೆ ಸರಿಯಾಗಿ ಕುಂದರತೈತಿ. ಎಂಜಿನ್ ಒಂಚೂರು ಹೆಚ್ಚು ಕೂಗತೈತಿ, ಓಟ ಕಡಿಮಿ ಆಗತೈತಿ. ಸುಳ್ಳ ಹೇಳೂದಿಲ್ಲ. ಆದ್ರ ಕೈ ಕೊಡೂದಿಲ್ಲ.”

“ಪುಣೆದಾಗ ಎಲ್ಲಾರೂ ನನ್ನ ದಾಟಿ ಹೋಗಲೇನು?”

“ವರ್ಷದಾಗ ಒಂದ ದಿವಸ ಪುಣೆರಿ. ಉಳದ ದಿವಸ ನವಲಗುಂದ.”

“ಗಾಡಿ ನಂದು, ಸಾಬ್ರ. ನೀವು ಒಲ್ಲೆ ಅಂದ್ರ ಹುಬ್ಬಳ್ಳಿಗೆ ಒಯ್ತೀನಿ. ಅಲ್ಲಿ ಯಾರೂ ಕಡಲಿ ಎಣಸೂದಿಲ್ಲ.”

ಇಲ್ಲಿಗೆ ಮಾತು ಮುಗಿಯಬಹುದಿತ್ತು. ಈ ಊರಿನ ಅರ್ಧ ಲಾರಿಗಳು ಮಡಿವಾಳೆಪ್ಪನವರ ಮಿಲ್ಲಿನ ಬಾಡಿಗೆಗೆ ಓಡುತ್ತವೆ. ಅವರು ಮುಖ ತಿರುಗಿಸಿದರೆ ಶೆಡ್ಡಿನ ಮುಂದೆ ಲಾರಿ ನಿಲ್ಲುವುದಿಲ್ಲ. ಮಹಬೂಬಸಾಬರು ಕೈಯಲ್ಲಿದ್ದ ಅರಿವೆಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ. ಆಮೇಲೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

“ಒಂದ ಮಾತು ಕೇಳ್ರಿ. ಈ ಸೆಟ್ ಹಾಕಿದ್ರ ಎಳಿಯೂ ತಾಕತ್ತಿನ್ಯಾಗ ಹತ್ತರಾಗ ಒಂದ ಪಾಲು ಹೋಗತೈತಿ. ಈಗಿನಕಿಂತ ಒಂದ ಕ್ವಿಂಟಲ್ ಹೆಚ್ಚಿಗೆ ಹೊತ್ತಂಗ ಲೆಕ್ಕ. ನಿಮ್ಮ ಮಿಲ್ಲಿಂದ ಎರಡ ಚೀಲ ಹತ್ತಿಕಾಳು ತರಸ್ರಿ. ಬಾಜೂಕ ಒಂದು, ಡಿಕ್ಕಿಯಾಗ ಒಂದು. ನವಲಗುಂದಕ್ಕ ಹೋಗಿ ಬರ್ರಿ. ನಿಮಗ ಚಲೋ ಅನಿಸಿದ್ರ ನಾನ ಕೈಯಾರೆ ಹಾಕಿ ಕೊಡ್ತೀನಿ.”

“ಸಾವ್ಕಾರ್ರ, ಚೀಲದ ಬದಲಿ ನನ್ನ ಕುಂಡ್ರಿಸಿಕೊಳ್ರಿ” ಎನ್ನುತ್ತಾನೆ ತಿರಕಪ್ಪ. “ಒಂದ ಪಾದ ಕಡಿಮಿ ತೂಗ್ತೀನಿ ಅಷ್ಟ.”

ಮಡಿವಾಳೆಪ್ಪನವರಿಗೆ ನಗು ಬಂದರೂ ತಡೆದುಕೊಳ್ಳುತ್ತಾರೆ. ಚೀಲಗಳು ಬರುತ್ತವೆ. ಡಿಕ್ಕಿಯ ಚೀಲವನ್ನು ಹಗ್ಗದಿಂದ ಬಿಗಿಯುತ್ತಾರೆ. ಕೆಂಪು ಕಾರು ನವಲಗುಂದದ ದಾರಿ ಹಿಡಿಯುತ್ತದೆ.

ಆಮೇಲಿನದು ಕಾಯುವ ಹೊತ್ತು. ಹತ್ತೂವರೆಗೆ ರಹೀಮಾಬಿ ರೊಟ್ಟಿ ತಂದಿಟ್ಟು ಹೋಗುತ್ತಾರೆ. ಮಹಬೂಬಸಾಬರು ಮುಟ್ಟುವುದಿಲ್ಲ. ಗಾಡಿಯ ಸದ್ದು ಕೇಳಿದಾಗಲೆಲ್ಲ ತಲೆ ಎತ್ತುತ್ತಾರೆ. ಎಲ್ಲವೂ ಲಾರಿಗಳು.

“ಲೇ ಮಹಬೂಬ್ಯಾ, ಚಲೋ ಓಡತೈತಿ ಅಂತ ಬಂದು ಅಂದ್ರ?” ಎಂದು ತಿರಕಪ್ಪ ಕೇಳುತ್ತಾನೆ.

“ಹಾಕಬೇಕಾಗ್ತೈತಿ. ಮಾತು ಕೊಟ್ಟೀನಿ.”

“ಘಟ್ಟ ಏನ್ ಇಲ್ಲಲ್ಲ, ಬಿಡು. ಯಾರ ಕಾಲೂ ಹೋಗೂದಿಲ್ಲ.”

“ಕಾಲ ಹೋಗೂದ ಎಲ್ಲಿ ಅಂತ ಯಾರ ಬಲ್ಲರು” ಎನ್ನುತ್ತಾರೆ ಮಹಬೂಬಸಾಬರು. ಬಹಳ ದಣಿದವರಂತೆ ಟಾಯರಿಗೆ ಒರಗಿ ಕಣ್ಣು ಮುಚ್ಚುತ್ತಾರೆ. ನಿದ್ದೆಯಲ್ಲ.

ಹನ್ನೊಂದೂಕಾಲಿಗೆ ಕಾರು ಬರುತ್ತದೆ. ಮೊದಲು ಬರುವುದು ಕ್ಲಚ್ಚು ಸುಟ್ಟ ವಾಸನೆ. ಮಡಿವಾಳೆಪ್ಪನವರ ಬಿಳಿ ಅಂಗಿಯ ತುಂಬ ಕರಿಮಣ್ಣಿನ ಧೂಳು. ಕಾರಿನಿಂದ ಇಳಿಯುತ್ತಾರೆ. ರಹೀಮಾಬಿ ಕೊಟ್ಟ ನೀರನ್ನು ಪೂರ್ತಿ ಕುಡಿಯುತ್ತಾರೆ.

“ಹೋಗೂಮುಂದ ಏನೂ ಅನಸಲಿಲ್ಲ” ಎನ್ನುತ್ತಾರೆ ಕೊನೆಗೆ. “ಬರೂಮುಂದ ಬೆಣ್ಣಿಹಳ್ಳದ ಏರಿನ್ಯಾಗ ಮುಂದೊಂದು ಚಕ್ಕಡಿ ನಿಂತಿತ್ತು. ನಾನೂ ನಿಂತೆ. ಮತ್ತ ಏಳಲೇ ಇಲ್ಲರೀ ಇದು. ಮೂರ ಸಲ ಕ್ಲಚ್ ಬಿಟ್ಟೆ, ಮೂರ ಸಲ ಹಿಂದಕ್ಕ ಜಾರಿತು. ಹಿಂದ ಹತ್ತಿ ಬಿಡಸಾಕ ಹೊಂಟ ಹೆಣಮಕ್ಕಳು ನಡಕೊಂತ ಬರ್ತಿದ್ರು.” ಅಂಗಿಯ ಧೂಳು ಕೊಡವುತ್ತಾರೆ. “ಚಕ್ಕಡಿಯಂವ ಇಳದ ಬಂದು, ‘ಸಾವ್ಕಾರ್ರ, ಎತ್ತು ಬಿಚ್ಚಿ ನಿಮ್ಮ ಗಾಡಿಗೆ ಕಟ್ಲೇನ್ರಿ?’ ಅಂದ.”

ತಿರಕಪ್ಪ ಜೋರಾಗಿ ನಗುತ್ತಾನೆ. ಮಡಿವಾಳೆಪ್ಪನವರೂ ನಗುತ್ತಾರೆ, ಆದರೆ ಕಣ್ಣು ಪೆಟ್ಟಿಗೆಯ ಮೇಲಿದೆ. ಅದನ್ನೆತ್ತಿ ಕಂಕುಳಲ್ಲಿ ಇಟ್ಟುಕೊಂಡು, “ನಿಮ್ಮದ ಹಾಕ್ರಿ ಸಾಬ್ರ” ಎಂದು ಮಿಲ್ಲಿನ ಕಡೆಗೆ ನಡೆದುಬಿಡುತ್ತಾರೆ. ಗಾಡಿಯನ್ನು ಅಲ್ಲೇ ಬಿಟ್ಟು, ನಡೆದುಕೊಂಡೇ.

ಮಹಬೂಬಸಾಬರು ಕೈ ತೊಳೆಯುತ್ತಾರೆ. ತಣ್ಣಗಾದ ರೊಟ್ಟಿ ಮುರಿದು ಎರಡು ತುತ್ತು ತಿನ್ನುತ್ತಾರೆ. ಗೋಣಿತಟ್ಟು ಹಾಸಿ, ಎಡಗೈಯನ್ನು ಬಲಗೈಯಿಂದ ಎತ್ತಿಟ್ಟುಕೊಂಡು ಕಾರಿನ ಅಡಿಗೆ ಸರಿಯುತ್ತಾರೆ. ಇನ್ನು ಎರಡು ದಿನದ ಕೆಲಸ. ಹಲ್ಲುಗಳಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಸವರಿ, ಎಲ್ಲಿ ಕಚ್ಚುತ್ತದೆ, ಎಲ್ಲಿ ಬಿಡುತ್ತದೆ ಎಂದು ಹತ್ತಾರು ಸಲ ನೋಡಬೇಕು.

ಮುಂದೇನು ಆಸೆ ಎಂದು ಕೇಳಿದರೆ ಸ್ಪ್ಯಾನರಿನಿಂದ ಇನ್ನೊಂದು ನಟ್ಟು ಬಿಚ್ಚುತ್ತಾರೆ. ಆಮೇಲೆ ಗಾಡಿಯ ಅಡಿಯಿಂದ ದನಿ ಬರುತ್ತದೆ.

“ಆಸೆ ಏನ್ರಿ. ಇನ್ನ ನಾಕ ವರ್ಷ ಈ ಕೈ ನಡದೀತು. ಅಷ್ಟರಾಗ ಯಾರ ಬಂದ್ರೂ ಸಾಮಾನು ತರೂಕಿಂತ ಮೊದಲ ಬಂದು ಒಂದ ಮಾತು ಕೇಳಲಿ. ಹೇಳಾಕ ಈಗ ನನಗ ಅಂಜಿಕಿ ಇಲ್ಲ.”